ಫ್ಯಾನ್ ಹಾಕಿದರೆ ಹಾಡು ಹಾರುತ್ತದೆ

ಬಳ್ಳಾರಿಯ ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದೆ ಹಾರ್ಮೋನಿಯಂ ನುಡಿಸಲು ಆಗುವುದಿಲ್ಲ. ಫ್ಯಾನ್ ಹಾಕಿದರೆ ಎದುರಿಗಿಟ್ಟ ಹಾಳೆ ಹಾರುತ್ತದೆ. ನಮ್ಮ ಭಜನಾ ಮಂಡಳಿಯ ಏಳು ಮಂದಿ ಹೆಂಗಸರು ಎರಡು ಬೇಸಿಗೆಯನ್ನು ಈ ಎರಡು ಕಷ್ಟಗಳ ನಡುವೆಯೇ ಕಳೆದೆವು. ಹಾಳೆಗೆ ಬಟ್ಟೆ ಕ್ಲಿಪ್ ಹಾಕಿ ನೋಡಿದೆವು. ಮೇಲೆ ತಾಳ ಇಟ್ಟೆವು. ಆದರೆ ತಾಳ ಹಾಕುವವರಿಗೆ ತಾಳ ಬೇಕಲ್ವಾ? ಕೊನೆಗೆ ಮೊಬೈಲ್ ಇಟ್ಟೆವು. ಚರಣದ ಮಧ್ಯೆ ಯಾರದೋ ಅಳಿಯ ಫೋನ್ ಮಾಡಿದ.

ನನಗೀಗ 46. ಹಾರ್ಮೋನಿಯಂ ಮುಟ್ಟಿದ್ದು 42ಕ್ಕೆ. ಆ ವಯಸ್ಸಿನಲ್ಲಿ ಕಿವಿ ಕೇಳಿದ್ದನ್ನು ತಲೆ ಹಿಡಿದಿಡುವುದಿಲ್ಲ. ಬರೆದುಕೊಳ್ಳಲೇಬೇಕು. ನಮಗೆ ಕಲಿಸುವ ಮೇಷ್ಟ್ರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. "ಊಟಾನೂ ಪುಸ್ತಕ ನೋಡಿ ಮಾಡ್ತೀರೇನಮ್ಮಾ?" ಎನ್ನುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ನಮ್ಮ ಕಡೆಯ ಸಂಗೀತ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು. ಕೊಪ್ಪಳ ದಾಟಿದರೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರು. ಅವರು ಎಷ್ಟೋ ಮಕ್ಕಳನ್ನು ಹಾಡುಗಾರರನ್ನಾಗಿ ಮಾಡಿದ್ದು ಹಾಳೆ ತೋರಿಸಿ ಅಲ್ಲ. ಅದನ್ನು ನೆನೆದರೆ ನನ್ನ ಹಾಳೆ ಕಟ್ಟು ಕಂಡು ನನಗೇ ನಾಚಿಕೆ. ಆದರೆ ಏನು ಮಾಡುವುದು, ಇರುವ ತಲೆ ಇದೇ.

ನಾವು ಹಾಡುವುದು ವಚನ, ದಾಸರ ಪದ, ತತ್ವಪದ. ಮೇಷ್ಟ್ರು ಕಲಿತದ್ದು ಹಿಂದೂಸ್ತಾನಿ. ಹಾಗಾಗಿ ಭಾತಖಂಡೆ ಪದ್ಧತಿಯಲ್ಲಿ ಸ್ವರ ಹಾಕಿಕೊಡುತ್ತಾರೆ. ವಿಷ್ಣು ನಾರಾಯಣ ಭಾತಖಂಡೆ (1860–1936) ಓದಿದ್ದು ವಕೀಲಿ. ಊರೂರು ತಿರುಗಿ, ಘರಾಣೆ ಎಂಬ ಸಂಗೀತ ಮನೆತನಗಳವರು ಬಚ್ಚಿಟ್ಟುಕೊಂಡಿದ್ದ ಹಾಡುಗಳನ್ನು, ಅಂದರೆ ಚೀಜ್‌ಗಳನ್ನು ಕೂಡಿಹಾಕಿ, ಸ್ವರಲಿಪಿಯಲ್ಲಿ ಬರೆದು ಆರು ಭಾಗಗಳ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅವರ ಲಿಪಿ ತುಂಬಾ ಸರಳ. ಸರಿಗಮ ಗೊತ್ತಿದ್ದರೆ ಸಾಕು. ತುಸು ಇಳಿಸಿದ ಕೋಮಲ ಸ್ವರಕ್ಕೆ ಕೆಳಗೊಂದು ಅಡ್ಡಗೀಟು. ತುಸು ಏರಿಸಿದ ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನೆಟ್ಟಗಿನ ಗೀಟು. ಕೆಳಗಿನ ಸ್ಥಾಯಿಯಾದ ಮಂದ್ರಕ್ಕೆ ಕೆಳಗೆ ಚುಕ್ಕೆ, ಮೇಲಿನ ಸ್ಥಾಯಿಯಾದ ತಾರಕ್ಕೆ ಮೇಲೆ ಚುಕ್ಕೆ. ತಾಳದ ಮೊದಲ ಎಣಿಕೆಯಾದ ಸಮ್ ಬರುವಲ್ಲಿ ಗುಣಾಕಾರದ ಗುರುತು, ತಟ್ಟದೆ ಕೈ ಬೀಸುವ ಖಾಲಿ ಬರುವಲ್ಲಿ ಸೊನ್ನೆ. ಮುಗಿಯಿತು.

ಕೈಯಲ್ಲಿ ಬರೆಯಲು ಇದು ಸಲೀಸು. ಏಳು ಮಂದಿಗೆ ಒಂದೇ ಥರ ಬೇಕು ಎಂದು ಕಂಪ್ಯೂಟರ್ ಮುಂದೆ ಕೂತಾಗ ಕಷ್ಟ ಶುರುವಾಯಿತು. ನಮ್ಮ ರಿ, ನಿ ಅಕ್ಷರಗಳು ತಲೆಯ ಮೇಲೆ ಆಗಲೇ ಗುಡಿಸು ಹೊತ್ತಿವೆ. ಅದರ ಮೇಲೆ ಇನ್ನೊಂದು ಚುಕ್ಕೆ ಇಟ್ಟರೆ, ಅದು ಜಾರಿ ಪಕ್ಕದ ಅಕ್ಷರದ ಹೆಗಲೇರುತ್ತದೆ. ಒಂದು ಫಾಂಟ್‌ನಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಕೆಡುತ್ತದೆ. ತಾರ ಷಡ್ಜ ಹೋಗಿ ತಾರ ನಿಷಾದ ಆದರೆ ಹಾಡುವವರ ಗಂಟಲಿಗೆ ಕಷ್ಟ.

ಹಗಲು ನನ್ನ ಕೆಲಸ ಹತ್ತಿ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ನೋಡುವುದು. ಎಲ್ಲ ಕಷ್ಟಕ್ಕೂ ನನಗೆ ಗೊತ್ತಿರುವ ಮದ್ದು ಒಂದೇ, ಎಕ್ಸೆಲ್. ಒಂದು ಮಾತ್ರೆಗೆ, ಅಂದರೆ ತಾಳದ ಒಂದು ಎಣಿಕೆಗೆ, ಒಂದು ಮನೆ. ತೀನ್‌ತಾಳಕ್ಕೆ 16 ಮನೆ, ಕೆಹರ್ವಾಕ್ಕೆ 8, ದಾದ್ರಾಕ್ಕೆ 6. ಸ್ವರದ ಸಾಲಿನ ಮೇಲೊಂದು, ಕೆಳಗೊಂದು ಕಿರಿದಾದ ಸಾಲು, ಬರೀ ಚುಕ್ಕೆಗಳಿಗೆ. ಅದರ ಕೆಳಗೆ ಹಾಡಿನ ಮಾತು. ಚುಕ್ಕೆ ತನ್ನ ಮನೆಯಲ್ಲಿ ತಾನಿರುತ್ತದೆ, ಯಾರ ಹೆಗಲನ್ನೂ ಏರುವುದಿಲ್ಲ. ಇನ್ನೊಂದು ಲಾಭವೂ ಸಿಕ್ಕಿತು. ನಾನು ಬರೆದುಕೊಂಡದ್ದರಲ್ಲಿ ಒಂದು ಮಾತ್ರೆ ಕಮ್ಮಿಯಿದ್ದರೆ ಸಾಲಿನ ಕೊನೆಗೆ ಒಂದು ಮನೆ ಖಾಲಿ ಉಳಿದು ಕಣ್ಣಿಗೆ ಹೊಡೆಯುತ್ತದೆ. ಲೆಕ್ಕ ತಾಳೆಯಾಗಲಿಲ್ಲ ಎಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ತಾಳೆ ಎಂಬ ಮಾತಿನಲ್ಲೂ ತಾಳ ಇದೆಯೇನೋ ಎಂದು ಆಗ ಅನ್ನಿಸಿತ್ತು. ಸುಮ್ನೆ ಅನ್ನಿಸಿದ್ದು, ವ್ಯಾಕರಣ ಗೊತ್ತಿರುವವರು ನಗಬೇಡಿ.

ಅಕ್ಷರ ದೊಡ್ಡದಿರಬೇಕು ಎಂಬುದು ಮೊದಲ ವಾರವೇ ಗೊತ್ತಾಯಿತು. ಕತೆ ಪುಸ್ತಕ ಕೈಯಲ್ಲಿರುತ್ತದೆ. ಇದು ಹಾರ್ಮೋನಿಯಂ ಪೆಟ್ಟಿಗೆಯ ಆಚೆ ನೆಲದ ಮೇಲಿರುತ್ತದೆ, ನೋಡುವ ಕಣ್ಣಿಗೆ ಚಾಳೀಸು ಬಂದಿರುತ್ತದೆ. 20 ಪಾಯಿಂಟ್‌ಗಿಂತ ಸಣ್ಣದಾದರೆ ನಮ್ಮ ಮಂಡಳಿಯ ಅಜ್ಜಿ ಒಪ್ಪುವುದಿಲ್ಲ. ಆ ಅಳತೆಯಲ್ಲಿ ಒಂದು ಹಾಡಿಗೆ ಎ4 ಅಳತೆಯ ಎರಡು ಪುಟ ಬೇಕು.

ಇಷ್ಟಾದ ಮೇಲೆ ಬೈಂಡಿಂಗ್. ಸ್ಟೇಪ್ಲರ್ ಹೊಡೆದು ನೋಡಿದೆ. ಬದಿಗೆ ಪಿನ್ ಹೊಡೆದ ಪುಸ್ತಕ ನಾಯಿ ಬಾಯಿಯಂತೆ, ಬಿಡಿಸಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಭಜನೆ ಪುಸ್ತಕಗಳದ್ದೂ ಅದೇ ಹಾಡು. ಬೆನ್ನಿಗೆ ಬರೀ ಅಂಟು ಹಚ್ಚಿರುತ್ತಾರೆ. ಅಗಲಿಸಿ ಒತ್ತಿದರೆ ಬೆನ್ನು ಬಿರಿದು ಹಾಳೆ ಕೈಗೆ ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದೆ. ಸ್ಪೈರಲ್ ಬಗ್ಗೆ ಕೆಟ್ಟದಾಗಿ ಹೇಳಲಾರೆ. ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ತಿರುಗಿಸಿ ಮಡಿಸಬಹುದು, ಅಗ್ಗ. ಆದರೆ ದಿನಾ ತೆಗೆದು ಹಾಕುವ ಪುಸ್ತಕದಲ್ಲಿ ತೂತುಗಳು ಒಂದೊಂದೇ ಹರಿಯುತ್ತವೆ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಸುರುಳಿ ಪೆಡಸಾಗಿ ತುದಿ ಮುರಿಯಿತು. ಮುರಿದ ತುದಿ ಸೀರೆಗೆ ಸಿಕ್ಕಿಕೊಂಡು ಒಬ್ಬರ ರೇಷ್ಮೆ ಸೆರಗು ಎಳೆ ಬಿಟ್ಟಿತು. ಅಲ್ಲಿಗೆ ಸ್ಪೈರಲ್ ಮುಗಿಯಿತು.

ದಾರಿ ಸಿಕ್ಕಿದ್ದು ಆಫೀಸಿನ ಅಟ್ಟದ ಮೇಲೆ. ಯಾವುದೋ ಹಳೆ ಬಾಕಿಯ ತಕರಾರಿಗೆ ಹಳೆ ಖಾತೆ ಪುಸ್ತಕ ಇಳಿಸಬೇಕಾಯಿತು. ಕೆಂಪು ಬಟ್ಟೆಯ ರಟ್ಟು, ದಪ್ಪ ಬೆನ್ನು. ಧೂಳು ಹೊಡೆದು ನಡುವೆ ಎಲ್ಲೋ ಬಿಡಿಸಿ ಮೇಜಿನ ಮೇಲಿಟ್ಟೆ. ಅದು ಹಾಗೇ ಬಿದ್ದುಕೊಂಡಿತ್ತು. ಕೈ ತೆಗೆದರೂ ಮುಚ್ಚಲಿಲ್ಲ. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಒಂದು ಹಾಳೆಯೂ ಏಳಲಿಲ್ಲ. ಬಾಕಿ ಯಾರದ್ದು ಎಂಬುದನ್ನು ಮರೆತು ಪುಸ್ತಕದ ಬೆನ್ನನ್ನೇ ನೋಡುತ್ತಾ ನಿಂತೆ.

ಅದನ್ನು ಕಟ್ಟಿದವರು ಪೇಟೆಯಲ್ಲಿ ಇನ್ನೂ ಅಂಗಡಿ ಇಟ್ಟುಕೊಂಡಿದ್ದರು. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ದೀಪಾವಳಿಗೆ ಲಕ್ಷ್ಮೀ ಪೂಜೆ ಮಾಡಿ ಹೊಸ ಖಾತೆ ತೆರೆಯುವ ಕಾಲದಲ್ಲಿ ಅವರಿಗೆ ಒಂದು ತಿಂಗಳು ನಿದ್ದೆ ಇರುತ್ತಿರಲಿಲ್ಲವಂತೆ. ಈಗ ಆಫೀಸಿನ ರಿಜಿಸ್ಟರ್, ಕಾಲೇಜು ಮಕ್ಕಳ ಪ್ರಾಜೆಕ್ಟ್ ಅಷ್ಟೇ. ಅವರ ಖಾತೆ ಪುಸ್ತಕವನ್ನು ಮೂಲೆಗೆ ತಳ್ಳಿದ ಕಂಪ್ಯೂಟರ್ ಮುಂದೆ ದಿನಾ ಕೂರುವವಳು ನಾನೇ. ಅದನ್ನು ಅವರಿಗೆ ಹೇಳಲು ನನಗೆ ಎರಡು ಭೇಟಿ ಬೇಕಾಯಿತು. ಅವರು ನಕ್ಕರು, ಅಷ್ಟೇ.

ಹಾಡಿನ ಪುಸ್ತಕ ಯಾಕೆ ಖಾತೆ ಪುಸ್ತಕದ ಹಾಗೆ ಬೇಕು ಎಂದು ಕೇಳಿದರು. ಮುಚ್ಚಿಕೊಳ್ಳಬಾರದು ಎಂದೆ.

"ಹಂಗಾದ್ರ ಇದು ಓದೋ ಪುಸ್ತಕ ಅಲ್ಲಮ್ಮಾ. ಗುಮಾಸ್ತನ ಒಂದು ಕೈಯಾಗ ಪೆನ್ನು, ಇನ್ನೊಂದು ಕೈ ಚೀಟಿ ಮ್ಯಾಲೆ. ಪುಸ್ತಕ ಹಿಡಿಯಾಕ ಮೂರನೇ ಕೈ ಎಲ್ಲೈತೆ?"

ನನ್ನ ಎಡಗೈ ಹಾರ್ಮೋನಿಯಂನ ತಿದಿಯ ಮೇಲೆ, ಬಲಗೈ ಅದರ ಮನೆಗಳ ಮೇಲೆ. ಮೂರನೇ ಕೈ ನನಗೂ ಇಲ್ಲ. ಇಷ್ಟು ವರ್ಷ ನಾನು ಇದನ್ನು ಕಾಗದದ ತೊಂದರೆ, ಗಾಳಿಯ ತೊಂದರೆ ಎಂದುಕೊಂಡಿದ್ದೆ. ಇದು ಕೈಯ ಲೆಕ್ಕ.

ಅವರು ಕಲಿಸಿದ ಕ್ರಮ ಹೀಗೆ. ದೊಡ್ಡ ಹಾಳೆ, ಅಂದರೆ ಎ3, ನಡುವೆ ಮಡಿಸಿದರೆ ಎ4 ಅಳತೆಯ ನಾಲ್ಕು ಪುಟ. ಅಂಥ ನಾಲ್ಕು ಹಾಳೆ ಒಂದರೊಳಗೊಂದು ಇಟ್ಟರೆ 16 ಪುಟದ ಒಂದು ಫಾರಂ. ಮಡಿಕೆಯ ಮೇಲೆ ಐದು ತೂತು. ದಾರವನ್ನು ಮೇಣದ ಬತ್ತಿಗೆ ಉಜ್ಜಿ, ಒಳಗೆ ಹೊರಗೆ ಹಾಯಿಸುತ್ತಾ ಹೋಗಿ, ಕೊನೆಯ ತೂತಿನಲ್ಲಿ ಹಿಂದಿನ ಫಾರಮ್ಮಿನ ದಾರದ ಕೆಳಗೆ ಸೂಜಿ ತೂರಿಸಿ ಗಂಟು. ಹಾಗೆ ಫಾರಂ ಫಾರಂಗೆ ಕೈ ಹಿಡಿದುಕೊಳ್ಳುತ್ತದೆ. ಅಂಟಿನ ಕೆಲಸ ಆಮೇಲಿನದು, ಅದೂ ತೆಳ್ಳಗೆ. ನಾನು ಮೊದಲ ಪುಸ್ತಕಕ್ಕೆ ಪ್ರೀತಿಯಿಂದ ಫೆವಿಕಾಲ್ ಸುರಿದಿದ್ದೆ. ಒಣಗಿದ ಮೇಲೆ ಬೆನ್ನು ಹಲಗೆಯಾಯಿತು. "ಪುಸ್ತಕ ಹಿಡಿಯೋದು ದಾರ. ಅಂಟು ಬರೇ ಸಾಕ್ಷಿ" ಎಂದರು ಚಾಚಾ.

ಕಾಗದದ ನಾರಿನ ವಿಷಯವೂ ಅವರೇ ಹೇಳಿದ್ದು. ಬಟ್ಟೆಗೆ ಹಾಸು ಹೊಕ್ಕು ಇದ್ದ ಹಾಗೆ ಯಂತ್ರದಲ್ಲಿ ತಯಾರಾದ ಕಾಗದಕ್ಕೂ ಒಂದು ದಿಕ್ಕಿರುತ್ತದೆ. ನಾರಿನ ಉದ್ದಕ್ಕೆ ಮಡಿಸಿದರೆ ಮಡಿಕೆ ಮೆತ್ತಗೆ ಕೂರುತ್ತದೆ. ಅಡ್ಡಕ್ಕೆ ಮಡಿಸಿದರೆ ಮಡಿಕೆ ಬಿರಿಯುತ್ತದೆ, ಪುಟ ಸೆಟೆದು ನಿಲ್ಲುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಕೈಗೇ ಗೊತ್ತಾಗುತ್ತದೆ. ನಾನು ತಂದಿದ್ದ ಎ3 ಹಾಳೆಯಲ್ಲಿ ನಾರು ಉದ್ದುದ್ದ ಇತ್ತು, ಅಂದರೆ ನಮ್ಮ ಮಡಿಕೆಗೆ ಅಡ್ಡ. ಚಾಚಾ ದೊಡ್ಡ ಹಾಳೆಗಳನ್ನು ತರಿಸಿ, ನಾರು ಮಡಿಕೆಯ ಜೊತೆ ಬರುವ ಹಾಗೆ ಕತ್ತರಿಸಿಕೊಟ್ಟರು. 100 ಜಿಎಸ್‌ಎಂ ಕಾಗದ. ಅದು ಕಾಗದದ ತೂಕದ ಅಳತೆ. ಮಾಮೂಲಿ 70ರಲ್ಲಿ ಹಿಂದಿನ ಪುಟದ ಸ್ವರ ಈಚೆ ಮಬ್ಬಾಗಿ ಕಾಣುತ್ತದೆ. ಚುಕ್ಕೆಯೇ ಸ್ವರವನ್ನು ಬದಲಿಸುವ ಲಿಪಿಯಲ್ಲಿ ಅದು ಆಗದ ಮಾತು.

ಈಗ ಪುಟಗಳ ಜೋಡಣೆ. 16 ಪುಟದ ಫಾರಮ್ಮಿನಲ್ಲಿ ಹೊರಗಿನ ಹಾಳೆಯ ಒಂದು ಮುಖಕ್ಕೆ 16 ಮತ್ತು 1, ಹಿಂದೆ 2 ಮತ್ತು 15. ಮುಂದಿನ ಹಾಳೆಗೆ 14 ಮತ್ತು 3, ಹಿಂದೆ 4 ಮತ್ತು 13. ಒಂದೇ ಮುಖದಲ್ಲಿ ಬರುವ ಎರಡು ಸಂಖ್ಯೆ ಕೂಡಿದರೆ ಯಾವಾಗಲೂ 17. ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಎಂದು ಆರಿಸಿದರೆ ಕಂಪ್ಯೂಟರ್ ತಾನೇ ಜೋಡಿಸುತ್ತದೆ. ಆದರೂ ನಾನು ಕೈಯಲ್ಲಿ ಒಂದು ಸಣ್ಣ ಪುಸ್ತಕ ಮಡಿಸಿ, ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ ನೋಡಿದ ಮೇಲೆಯೇ ನಂಬಿದ್ದು.

ನಂಬಿಯೂ ಕೆಡಿಸಿದೆ. ಮನೆಯ ಪ್ರಿಂಟರ್‌ನಲ್ಲಿ ಎ3 ಆಗುವುದಿಲ್ಲ, ಹಾಗಾಗಿ ಮೊದಲು ಎ4ರಲ್ಲಿ ಚಿಕ್ಕ ಮಾದರಿ ತೆಗೆದೆ. ಒಂದು ಮುಖ ಮುಗಿದ ಮೇಲೆ ಕಟ್ಟನ್ನು ತಿರುಗಿಸಿ ಹಾಕಬೇಕು. ಅಗಲದ ಕಡೆಯಿಂದ ತಿರುಗಿಸುವ ಬದಲು ಉದ್ದದ ಕಡೆಯಿಂದ ತಿರುಗಿಸಿದೆ. ಎಡಪುಟದ ಹಾಡು ನೆಟ್ಟಗೆ, ಬಲಪುಟದ್ದು ತಲೆಕೆಳಗೆ. ಸಿಟ್ಟು ಬಂದಾಗಲೆಲ್ಲ ವೆನಿಸ್ಸಿನ ಒಟ್ಟಾವಿಯಾನೊ ಪೆಟ್ರುಚ್ಚಿಯನ್ನು ನೆನೆಯುತ್ತೇನೆ. 1501ರಲ್ಲಿ ಆತ ಅಚ್ಚುಮೊಳೆಗಳಲ್ಲಿ ಹಲವು ದನಿಗಳ ಸಂಗೀತವನ್ನು ಮುದ್ರಿಸಿದಾಗ ಒಂದೇ ಹಾಳೆಯನ್ನು ಮೂರು ಸಲ ಯಂತ್ರಕ್ಕೆ ಕೊಟ್ಟಿದ್ದ. ಒಮ್ಮೆ ಗೆರೆಗಳಿಗೆ, ಒಮ್ಮೆ ಸ್ವರಗಳಿಗೆ, ಒಮ್ಮೆ ಮಾತಿಗೆ. ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪು ಗೆರೆಯ ಮೇಲೆ ಕೂರುತ್ತದೆ. ನನ್ನದು ಎರಡೇ ಸಲ, ಅದೂ ಬಟನ್ ಒತ್ತಿದರೆ ಸಾಕು. ಆತನ ಹೆಸರು ನನಗೆ ಗೊತ್ತಾದದ್ದು ಅಕ್ಕನ ಮಗನಿಂದ. ಅವನು ಕೀಬೋರ್ಡ್ ಕಲಿಯುತ್ತಾನೆ. ಹಕ್ಕುಸ್ವಾಮ್ಯ ಮುಗಿದ ಪಾಶ್ಚಾತ್ಯ ಸಂಗೀತದ ಹಾಳೆಗಳನ್ನು ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಿಂದ ಇಳಿಸಿಕೊಳ್ಳುತ್ತಾನೆ. ಆ ಗ್ರಂಥಾಲಯಕ್ಕೆ ಪೆಟ್ರುಚ್ಚಿಯ ಹೆಸರೇ ಇಟ್ಟಿದ್ದಾರೆ.

ಇದಕ್ಕಿಂತ ದೊಡ್ಡ ಎಡವಟ್ಟು ಬಣ್ಣದ್ದು. ಕೋಮಲದ ಗೀಟು ಅಜ್ಜಿಗೆ ಎದ್ದು ಕಾಣಲಿ ಎಂದು ಕೆಂಪಿನಲ್ಲಿ ಹಾಕಿದ್ದೆ. ಮಾದರಿ ಪುಸ್ತಕಕ್ಕೆ ಮೈದಾ ಅಂಟು ಹಚ್ಚಿದೆ. ಮನೆಯ ಪ್ರಿಂಟರಿನ ಬಣ್ಣದ ಇಂಕು ನೀರು ಕಂಡರೆ ಹರಡುತ್ತದೆ. ಕೆಂಪೆಲ್ಲ ಕರಗಿ ಕುಂಕುಮದ ನೀರಾಯಿತು, ಕಪ್ಪು ಅಕ್ಷರ ಹಾಗೇ ಉಳಿಯಿತು. ಒರೆಸಿ, ಒಣಗಿಸಿ, ಇರಲಿ ಎಂದು ಅದನ್ನೇ ಇಟ್ಟುಕೊಂಡು ನುಡಿಸಿದೆ. ಮೇಷ್ಟ್ರು ಎರಡು ಸಾಲು ಕೇಳಿ, "ಇದು ಯಾವ ರಾಗಾನಮ್ಮಾ?" ಎಂದರು. ಭೈರವಿ ಎಂದೆ. ಕಾರ್ಯಕ್ರಮದ ಕೊನೆಗೆ ಹಾಡುವ ಭೈರವಿಯಲ್ಲಿ ರಿ, ಗ, ಧ, ನಿ ನಾಲ್ಕೂ ಕೋಮಲ. ಆ ನಾಲ್ಕು ಗೀಟು ಅಳಿಸಿದರೆ ಉಳಿಯುವುದು ಬೆಳಗಿನ ರಾಗ ಬಿಲಾವಲ್‌ನ ಸ್ವರಗಳು. ನಾನು ಕಾರ್ಯಕ್ರಮದ ಕೊನೆಯ ಹಾಡನ್ನು ಬೆಳಗಿನ ರಾಗದ ಸ್ವರಗಳಲ್ಲಿ ನುಡಿಸುತ್ತಿದ್ದೆ. ಅವತ್ತಿಂದ ಎಲ್ಲ ಕಪ್ಪಿನಲ್ಲಿ, ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರದಲ್ಲಿ. ಅದರ ಟೋನರ್ ಬಿಸಿಗೆ ಕರಗಿ ಕಾಗದಕ್ಕೆ ಅಂಟುವ ಪುಡಿ. ನೀರಿಗೆ ಹೆದರುವುದಿಲ್ಲ.

ಮೈದಾ ಅಂಟನ್ನು ಮಾತ್ರ ಬಿಡಲಿಲ್ಲ. ಗಂಜಿಯ ಹದಕ್ಕೆ ಕುದಿಸಿ, ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಮೈಲುತುತ್ತ ವಿಷ. ಅದಕ್ಕೆ ಬೇರೆ ಪಾತ್ರೆ, ಬೇರೆ ಚಮಚ, ಮಕ್ಕಳ ಕೈಗೆ ಸಿಗದ ಜಾಗ. ಬಳ್ಳಾರಿಯ ಬಿಸಿಲಿಗೆ ಅಂಟು ಬೇಗ ಒಣಗಿ ರಟ್ಟು ಹಪ್ಪಳದಂತೆ ಬಾಗುತ್ತದೆ. ಹೊರಗೆ ಕಾಗದ ಅಂಟಿಸಿದರೆ ಒಳಗೂ ಅಂಟಿಸಬೇಕು, ಆಗ ಎರಡೂ ಕಡೆಯ ಎಳೆತ ಸಮ. ಆಮೇಲೆ ನೆರಳಿನಲ್ಲಿ ರಾತ್ರಿಯಿಡೀ ಭಾರದ ಕೆಳಗೆ. ನಮ್ಮ ಮನೆಯಲ್ಲಿ ಭಾರದ ಚಪ್ಪಟೆ ವಸ್ತು ಅಂದರೆ ಹಾರ್ಮೋನಿಯಂ ಪೆಟ್ಟಿಗೆಯೇ.

ಹೊದಿಕೆಗೆ ಬಟ್ಟೆ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಲಿಲ್ಲ. ಇದು ಜೀನ್ಸ್ ಊರು. ಕೌಲ್ ಬಜಾರ್ ಕಡೆ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರದ ಸದ್ದು ನಿಲ್ಲುವುದೇ ಇಲ್ಲ. ನಮ್ಮ ಮಂಡಳಿಯಲ್ಲೇ ಒಬ್ಬರು ಪ್ಯಾಂಟಿನ ಜೇಬು ಹೊಲಿಯುತ್ತಾರೆ. ಒಂದು ಚೀಲ ಕತ್ತರಿಸಿದ ಚೂರು, ಅರ್ಧ ಮುಗಿದ ದಾರದ ಉಂಡೆ ತಂದುಕೊಟ್ಟರು. ನನ್ನ ಪುಸ್ತಕಕ್ಕೆ ಜೀನ್ಸ್ ಬೆನ್ನು ಹಾಕುತ್ತೇನೆ, ನೂರು ವರ್ಷ ಬಾಳುತ್ತದೆ ಎಂದು ಬೀಗಿದೆ. ಜೀನ್ಸ್ ಬಟ್ಟೆ ಗಟ್ಟಿಯೇನೋ ಹೌದು, ಆದರೆ ಮಡಿಕೆಯಲ್ಲಿ ದಪ್ಪ. ರಟ್ಟು ಪೂರ್ತಿ ಹಿಂದಕ್ಕೆ ಬೀಳಲಿಲ್ಲ, ಬಾಗಿಲಿಗೆ ಕಂಬಳಿ ಸಿಕ್ಕಿಸಿದ ಹಾಗಾಯಿತು. ಜೀನ್ಸ್ ದಾರವೂ ಹಾಗೆ, ಬಿಗಿಯಾಗಿ ಎಳೆದರೆ ಕಾಗದವನ್ನೇ ಕುಯ್ಯುತ್ತದೆ. ಚೀಲದ ತಳದಲ್ಲಿ ಜೇಬಿನ ಒಳಬಟ್ಟೆಯ ಚೂರುಗಳಿದ್ದವು. ತೆಳು, ಬಿಳಿ, ಒತ್ತು ನೇಯ್ಗೆ. ಯಾರೂ ನೋಡದ ಬಟ್ಟೆ. ಬೆನ್ನಿಗೆ ಅದನ್ನು ಅಂಟಿಸಿದೆ, ಪುಸ್ತಕ ತೆರೆದು ಮಲಗಿತು. ಜೀನ್ಸ್ ಈಗ ರಟ್ಟಿನ ಮೂಲೆಗಳಿಗೆ ಮಾತ್ರ, ಅಂದಕ್ಕೆ.

ಇನ್ನು ಪುಟ ತಿರುಗಿಸುವ ಮಾತು. ಒಂದು ಹಾಡು ಎಡಪುಟದಲ್ಲಿ ಶುರುವಾಗಿ ಬಲಪುಟದಲ್ಲಿ ಮುಗಿದರೆ ತಿರುಗಿಸುವ ಕೆಲಸವೇ ಇಲ್ಲ. ಮೊದಲ ಪುಟ ಹೆಸರಿಗೆ, 2 ಮತ್ತು 3 ಪರಿವಿಡಿಗೆ, 4ರಿಂದ 51ರವರೆಗೆ 24 ಹಾಡು ಎಂದು ಮೊದಲು ಲೆಕ್ಕ ಹಾಕಿದೆ. ನಾಲ್ಕು ಫಾರಂ ಅಂದರೆ 64 ಪುಟ. ಉಳಿಯುವ ಪುಟಗಳನ್ನು ಮುಂದೆ ಕಲಿಯುವ ಹಾಡುಗಳಿಗೆ ಎಂದು ಖಾಲಿ ಬಿಟ್ಟೆ.

ಆದರೆ ಎರಡು ಹಾಡು ಎರಡು ಪುಟಕ್ಕೆ ಒಗ್ಗಲಿಲ್ಲ. ಒಂದನ್ನು ಎಲ್ಲಿ ಕತ್ತರಿಸಬೇಕು ಎಂದು ತಿಳಿಯಲು ಮೂರು ಸಂಜೆ ಹಿಡಿಯಿತು. ಪುಟ ತುಂಬಿದಲ್ಲಿ ಕತ್ತರಿಸಿದರೆ ಸಮ್‌ಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಕೈ ಗಾಳಿಯಲ್ಲಿರುತ್ತದೆ. ಪಾಶ್ಚಾತ್ಯ ಸಂಗೀತದ ಪ್ರಕಾಶಕರು ವಾದ್ಯಕ್ಕೆ ವಿರಾಮ ಇರುವ ಕಡೆ ಪುಟ ಮುಗಿಸಲು ನೋಡುತ್ತಾರಂತೆ. ಪಿಯಾನೊ ನುಡಿಸುವವರ ಪಕ್ಕ ಪುಟ ತಿರುಗಿಸಲೆಂದೇ ಒಬ್ಬರು ಕೂರುವುದೂ ಉಂಟು. ನಮ್ಮ ಹಾಡಿನಲ್ಲಿ ವಿರಾಮ ಎಲ್ಲಿ? ಹುಡುಕುತ್ತಾ ಹೋದಂತೆ ನಾನು ಅದುವರೆಗೆ ಹಾಡನ್ನು ಕೇಳಿಯೇ ಇರಲಿಲ್ಲ ಅನ್ನಿಸಿತು. ಎಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಪಲ್ಲವಿ ಮರಳಿ ಬರುತ್ತದೆ, ಎಲ್ಲಿ ನಾನು ಸ್ವರ ಬಿಟ್ಟರೂ ಹಿಮ್ಮೇಳ ಹಾಡನ್ನು ಎತ್ತಿ ಹಿಡಿಯುತ್ತದೆ. ಆರು ಮಂದಿ ಪಲ್ಲವಿಯನ್ನು ಎರಡನೇ ಸಲ ಎತ್ತಿಕೊಳ್ಳುವಾಗ ನನ್ನ ಬಲಗೈಗೆ ಎಂಟು ಮಾತ್ರೆ ರಜೆ. ಪುಟ ಅಲ್ಲಿಗೆ ಮುಗಿಯಬೇಕು. ಮುಗಿಸಿದೆ. ಕೆಳಗೆ ಅರ್ಧ ಪುಟ ಖಾಲಿ ಉಳಿಯಿತು, ಇರಲಿ.

ಇನ್ನೊಂದು ಹಾಡಿಗೆ ಅಂಥ ಜಾಗವೇ ಇರಲಿಲ್ಲ. ಅದಕ್ಕೆ ಕಡತ ನೆನಪಾಯಿತು. ಇವತ್ತು ಕಡತ ಎಂದರೆ ಮೇಜಿನಿಂದ ಮೇಜಿಗೆ ಹೋಗದ ಸರ್ಕಾರಿ ಫೈಲು. ಹಿಂದೆ ಕಡತ ಎಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಕತ್ತರಿಸದೆ ಹಿಂದೆ ಮುಂದೆ ಮಡಿಸಿ, ಎರಡು ತುದಿಗೆ ಮರದ ಹಲಗೆ ಕೂಡಿಸುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಲ್ಲಿ ಲೆಕ್ಕ ಬರೆಯುವುದು, ಬೇಡವಾದರೆ ಒರೆಸುವುದು. ಅದಕ್ಕೆ ಬೆನ್ನೇ ಇಲ್ಲ, ಹಾಗಾಗಿ ಮುಚ್ಚಿಕೊಳ್ಳುವ ಮಾತೂ ಇಲ್ಲ. ಆ ಉದ್ದದ ಹಾಡಿನ ಮೂರನೇ ಪುಟವನ್ನು ಜೇಬಿನ ಬಟ್ಟೆಯ ಪಟ್ಟಿಯಿಂದ ಬಲಪುಟದ ಅಂಚಿಗೆ ಜೋಡಿಸಿ ಒಳಕ್ಕೆ ಮಡಿಸಿದೆ. ಹಾಡುವ ಮೊದಲು ಬಿಡಿಸಿಟ್ಟರೆ ಮೂರು ಪುಟ ಸಾಲಾಗಿ ಕಾಣುತ್ತವೆ. ಇಡೀ ಪುಸ್ತಕದಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಪುಟದ ಮೇಲೆ.

ಏಳು ಪುಸ್ತಕ ಮುಗಿಯುವ ಹೊತ್ತಿಗೆ ಶ್ರಾವಣ ಬಂದಿತ್ತು. ಮೇಷ್ಟ್ರು ಒಂದನ್ನು ಕೈಗೆತ್ತಿಕೊಂಡು ತಿರುವಿದರು. ಒಂದು ಕಡೆ ಮಧ್ಯಮದ ಗೀಟು ಬಿಟ್ಟುಹೋದದ್ದನ್ನು ತೋರಿಸಿದರು. ಪೆನ್ನು ಕೇಳಿ ಏಳರಲ್ಲೂ ತಾವೇ ಹಾಕಿದರು. ಬೇರೇನೂ ಹೇಳಲಿಲ್ಲ.

ಮೊನ್ನೆ ಅಜ್ಜಿಯ ಪುಸ್ತಕದ ರಟ್ಟಿನ ಮೂಲೆ ಎದ್ದಿತ್ತು. ನೋಡಿಸೋಣ ಎಂದು ಚಾಚಾ ಹತ್ತಿರ ಒಯ್ದೆ. ಅವರಿಗೆ ಪುಸ್ತಕವನ್ನು ಹಿಂದಿನಿಂದ ತೆರೆಯುವ ಅಭ್ಯಾಸ. ಕನ್ನಡಕ ಏರಿಸಿ ನೋಡಿದರು. ನಾನೂ ಬಗ್ಗಿ ನೋಡಿದೆ. ಹೊಸ ಹಾಡಿಗೆಂದು ಬಿಟ್ಟಿದ್ದ ಖಾಲಿ ಪುಟಗಳ ತುಂಬಾ ಅಜ್ಜಿ ಮಂಡಳಿಯ ಚೀಟಿ ಲೆಕ್ಕ ಬರೆದಿದ್ದಾರೆ. ಸ್ಕೇಲ್ ಇಟ್ಟು ಗೆರೆ ಹೊಡೆದು, ತಿಂಗಳಿಗೊಂದು ಸಾಲು, ಹೆಸರಿಗೊಂದು ಮನೆ, ಕೊಟ್ಟವರಿಗೆ ಒಂದು ಗುರುತು. ಅದೂ ಸಮ್‌ನ ಗುರುತು.

ಚಾಚಾ ಸಾಲಿನ ಮೇಲೆ ಬೆರಳಾಡಿಸುತ್ತಾ ಹೋದರು. ಮೂರನೇ ತಿಂಗಳಿನಲ್ಲಿ ಬೆರಳು ನಿಂತಿತು.

"ಇಲ್ಲಿ ಒಂದು ಮನಿ ಖಾಲಿ ಐತೆ ನೋಡಮ್ಮಾ."

ನೋಡಿದೆ. ಖಾಲಿ ಇದ್ದದ್ದು ನನ್ನ ಹೆಸರಿನ ಕೆಳಗೆ.